ಮಾಡಿದ್ದನ್ನು ಮತ್ತೆ ಮಾಡಬೇಕೆ?

ಮನುಷ್ಯನ ಬಾಳಿನಲ್ಲಿ ಯಾವ ಕೆಲಸವೂ ಬರಿಯ ನೆಲದಿಂದ ಮೊದಲಾಗುವುದಿಲ್ಲ. ಹಿರಿಯರು ಹದಮಾಡಿದ ಹೊಲದಲ್ಲಿ ನಾವು ಬಿತ್ತುತ್ತೇವೆ. ಯಾರೋ ತೋಡಿದ ಬಾವಿಯಿಂದ ನೀರು ಸೇದುತ್ತೇವೆ. ಯಾರೋ ಬರೆದಿಟ್ಟ ಲೆಕ್ಕದ ಕೆಳಗೆ ನಮ್ಮ ಲೆಕ್ಕವನ್ನು ಮುಂದುವರಿಸುತ್ತೇವೆ. ಹಿಂದಿನವರು ಮಾಡಿಟ್ಟದ್ದನ್ನು ನಂಬದೆ ಒಂದು ದಿನವೂ ಬಾಳು ಸಾಗದು. ಮಾಡಿಟ್ಟದ್ದೆಲ್ಲ ಇಂದಿಗೂ ಸರಿಯಾಗಿಯೇ ಇದೆಯೆಂದು ನಂಬಿ ಕುಳಿತರೂ ಸಾಗದು. ಹೀಗಿರಲು, ಮುಗಿದ ಕೆಲಸವನ್ನು ಯಾವಾಗ ನಂಬಬೇಕು? ಯಾವಾಗ ಮತ್ತೆ ಮಾಡಬೇಕು? ಅದನ್ನು ತಿಳಿಸಿ ಹೇಳುವ ಹೊಣೆ ಯಾರದು? ಈ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ ಹಳೆಯದು. ಆದರೆ ನಮ್ಮ ಕಾಲದಲ್ಲಿ ಅದು ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಂಡಿರುವುದು ಕಂಪ್ಯೂಟರಿನ ಕಸುಬಿನಲ್ಲಿ. ಗಡಿಭಾಗದ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿ ಈ ಕಸುಬು ಮಾಡುತ್ತಿದ್ದಾರೆ. ರಜೆಗೆ ಬಂದಾಗಲೂ ಅವರು ಫೋನಿನಲ್ಲಿ ‘ಬಿಲ್ಡ್ ಕೆಟ್ಟಿದೆ’, ‘ಕ್ಲೀನ್ ಮಾಡಿ ಮತ್ತೆ ಹಾಕಿ ನೋಡು’ ಎಂದು ಮಾತನಾಡುವುದನ್ನು ಮನೆಯ ಹಿರಿಯರು ಕೇಳಿರುತ್ತಾರೆ. ಯಂತ್ರದ ಆ ಮಾತಿನೊಳಗೆ ಒಂದು ನೀತಿಯ ಪ್ರಶ್ನೆ ಅಡಗಿದೆ. ಅದನ್ನು ಬಿಡಿಸಿ ನೋಡಲು ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯಬೇಕು.

ಪ್ರೋಗ್ರಾಮ್ ಬರೆಯುವವನು ಮನುಷ್ಯರು ಓದಬಲ್ಲ ಒಂದು ಸಂಕೇತಭಾಷೆಯಲ್ಲಿ ಬರೆಯುತ್ತಾನೆ. ಯಂತ್ರಕ್ಕೆ ಆ ಭಾಷೆ ತಿಳಿಯದು. ಕಂಪೈಲರ್ ಎಂಬ ಅನುವಾದಕನು ಒಂದೊಂದು ಮೂಲ ಫೈಲನ್ನೂ ಯಂತ್ರಭಾಷೆಯ ಒಂದೊಂದು ತುಣುಕಾಗಿ ಮಾರ್ಪಡಿಸುತ್ತಾನೆ. ಬಳಿಕ ಎಲ್ಲ ತುಣುಕುಗಳನ್ನು ಜೋಡಿಸಿ ಪೂರ್ಣ ಪ್ರೋಗ್ರಾಮನ್ನು ಕಟ್ಟಲಾಗುತ್ತದೆ. ಈ ಕಟ್ಟುವಿಕೆಗೇ ಬಿಲ್ಡ್ ಎಂದು ಹೆಸರು. ದೊಡ್ಡ ಯೋಜನೆಗಳಲ್ಲಿ ಇಂಥ ಫೈಲುಗಳು ಸಾವಿರಾರು. ಎಲ್ಲವನ್ನೂ ಮೊದಲಿನಿಂದ ಕಟ್ಟಲು ಗಂಟೆಗಟ್ಟಲೆ ಕಾಲ ಬೇಕಾಗುತ್ತದೆ. ಒಂದು ಸಾಲನ್ನು ತಿದ್ದಿದ ಮಾತ್ರಕ್ಕೆ ಅಷ್ಟನ್ನೂ ಮತ್ತೆ ಮಾಡುವುದು ಕಾಲಹರಣ. ಆದುದರಿಂದ ತಿದ್ದುಪಡಿ ಮುಟ್ಟಿದ ಭಾಗಗಳನ್ನು ಮಾತ್ರ ಮತ್ತೆ ಕಟ್ಟಿ, ಉಳಿದವನ್ನು ಹಿಂದೆ ಕಟ್ಟಿಟ್ಟಂತೆಯೇ ಬಳಸುವ ಪದ್ಧತಿ ಬಂದಿತು. ಇದನ್ನು ಅವರು ಇನ್‌ಕ್ರಿಮೆಂಟಲ್ ಬಿಲ್ಡ್ ಎನ್ನುತ್ತಾರೆ. ನಾವು ‘ಬೇಕಾದಷ್ಟೇ ಮರುರಚನೆ’ ಎನ್ನೋಣ.

ಶಾಲೆಯ ಫಲಿತಾಂಶ ಪತ್ರಕವನ್ನು ಕಂಡವರಿಗೆ ಇದು ಹೊಸದಲ್ಲ. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬಳ ಗಣಿತದ ಅಂಕ 86 ಇದ್ದುದು 68 ಎಂದು ನಮೂದಾಗಿದೆ ಎನ್ನೋಣ. ಅದನ್ನು ತಿದ್ದಿದೊಡನೆ ಅವಳ ಒಟ್ಟು ಅಂಕ ಬದಲಾಗಬೇಕು, ಶೇಕಡಾವಾರು ಬದಲಾಗಬೇಕು. ಉಳಿದ ಮೂವತ್ತೊಂಬತ್ತು ಮಕ್ಕಳ ಒಟ್ಟು ಅಂಕವನ್ನು ಮತ್ತೆ ಕೂಡಿಸುವ ಅಗತ್ಯವಿಲ್ಲ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಆದರೆ ಅವಳು ಒಂಬತ್ತನೆಯ ಸ್ಥಾನದಿಂದ ನಾಲ್ಕನೆಯ ಸ್ಥಾನಕ್ಕೆ ಏರಿದಳೆಂದರೆ ನಡುವಿನ ಐವರ ಸ್ಥಾನಗಳೂ ಒಂದೊಂದು ಮೆಟ್ಟಿಲು ಇಳಿಯಬೇಕು. ಅವರ ಅಂಕದಲ್ಲಿ ಏನೂ ಬದಲಾಗಿಲ್ಲ. ಆದರೂ ಅವರ ಸಾಲಿನಲ್ಲಿರುವ ಬರಹ ಈಗ ಸುಳ್ಳಾಗಿದೆ. ತರಗತಿಯ ಗಣಿತದ ಸರಾಸರಿಯೂ ಗೋಡೆಯ ಫಲಕದ ಮೇಲಿನ ಪಟ್ಟಿಯೂ ಸುಳ್ಳಾಗಿವೆ. ಯಾವುದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಪೂರ್ತಿ ಬಲ್ಲವನಿಗೆ ಮಾತ್ರ ಬೇಕಾದಷ್ಟೇ ಮರುರಚನೆ ಸಾಧ್ಯ. ಅರ್ಧ ಬಲ್ಲವನು ಅರ್ಧ ನಿಜ, ಅರ್ಧ ಸುಳ್ಳಿನ ಪತ್ರಕವನ್ನು ತಯಾರಿಸುತ್ತಾನೆ. ಅದರ ಕೆಳಗೆ ಸಹಿಯೂ ಬೀಳುತ್ತದೆ.

ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಹೆಸರಾಂತ ಸಾಧನ ‘ಮೇಕ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬುವರು 1976ರಲ್ಲಿ ಇದನ್ನು ರಚಿಸಿದರು. ಅದರ ಹುಟ್ಟಿನ ಕಾರಣವನ್ನು ಅವರೇ ಹೇಳಿದ್ದಾರೆ. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗಿನ ಹೊತ್ತನ್ನೆಲ್ಲ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕಳೆದು, ವಿಧಿಯನ್ನು ಶಪಿಸುತ್ತ ಅವರ ಕೋಣೆಗೆ ಬಂದರಂತೆ. ತಪ್ಪನ್ನು ತಿದ್ದಿ ಆಗಿತ್ತು. ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಯಂತ್ರದಲ್ಲಿ ಓಡುತ್ತಿದ್ದುದು ಹಳೆಯ ತುಣುಕು, ಕಣ್ಣಮುಂದೆ ಇದ್ದುದು ಹೊಸ ಬರಹ. ಇಂಥ ಸಂಕಟವನ್ನು ತಪ್ಪಿಸಲೆಂದೇ ಹುಟ್ಟಿದ ಈ ಸಾಧನಕ್ಕಾಗಿ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಸಂದಿತು.

ಮೇಕ್ ಅನುಸರಿಸುವ ನಿಯಮ ಸರಳ. ಯಾವ ತುಣುಕು ಯಾವ ಮೂಲಗಳ ಮೇಲೆ ನಿಂತಿದೆ ಎಂಬ ಪಟ್ಟಿಯನ್ನು ಮನುಷ್ಯನು ಬರೆದುಕೊಡಬೇಕು. ತುಣುಕಿಗಿಂತ ಮೂಲದ ತಾರೀಖು ಈಚಿನದಾಗಿದ್ದರೆ ತುಣುಕನ್ನು ಮತ್ತೆ ಕಟ್ಟಬೇಕು, ಇಲ್ಲವಾದರೆ ಮುಟ್ಟಬೇಕಾಗಿಲ್ಲ. ಇಷ್ಟು ಅಚ್ಚುಕಟ್ಟಾದ ನಿಯಮವಿದ್ದರೂ ಇಂದಿಗೂ ದೊಡ್ಡ ಯೋಜನೆಗಳಲ್ಲಿ ಅದೇ ಮೂಲದಿಂದ ಒಬ್ಬನ ಯಂತ್ರದಲ್ಲಿ ಒಂದು ಫಲ, ಇನ್ನೊಬ್ಬನ ಯಂತ್ರದಲ್ಲಿ ಇನ್ನೊಂದು ಫಲ ಬರುತ್ತದೆ. ಇದಕ್ಕೆ ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ತಾರೀಖನ್ನೇ ಸತ್ಯವೆಂದು ಬಗೆಯುವುದು. ಫೈಲುಗಳಿರುವ ಯಂತ್ರದ ಗಡಿಯಾರವೂ ಕಟ್ಟುವ ಯಂತ್ರದ ಗಡಿಯಾರವೂ ಐದು ನಿಮಿಷ ಹಿಂದುಮುಂದಾಗಿದ್ದರೆ ಹೊಸದು ಹಳೆಯದಾಗಿ ತೋರುತ್ತದೆ. ಹಳೆಯ ಪ್ರತಿಯೊಂದನ್ನು ಅದರ ಹಳೆಯ ತಾರೀಖಿನೊಡನೆ ತಂದಿಟ್ಟರೆ, ಒಳಗಿನ ಬರಹ ಬದಲಾಗಿದ್ದರೂ ಸಾಧನವು ಸುಮ್ಮನಿರುತ್ತದೆ. ಎರಡನೆಯದು, ಪಟ್ಟಿಯಲ್ಲಿ ಬರೆಯದೆ ಬಿಟ್ಟ ಅವಲಂಬನೆ. ಹಲವು ಫೈಲುಗಳು ಒಂದು ಸಾಮಾನ್ಯ ಹೆಡರ್ ಫೈಲನ್ನು ಓದುತ್ತವೆ; ಅದರಲ್ಲಿ ಒಂದು ದಾಖಲೆಯ ಅಳತೆಯನ್ನು ಬದಲಿಸಿದಾಗ ಪಟ್ಟಿಯಲ್ಲಿ ಇದ್ದವು ಹೊಸ ಅಳತೆಗೆ ಬರುತ್ತವೆ, ಇಲ್ಲದವು ಹಳೆಯ ಅಳತೆಯಲ್ಲೇ ಉಳಿಯುತ್ತವೆ. ಒಂದು ತುಣುಕು ಬರೆದ ಜಾಗದಲ್ಲಿ ಇನ್ನೊಂದು ತುಣುಕು ಬೇರೇನನ್ನೋ ಓದುತ್ತದೆ. ಎರಡೂ ಬಿಡಿಬಿಡಿಯಾಗಿ ನಿರ್ದೋಷಿಗಳು, ಕೂಡಿದಾಗ ದೋಷ.

ಮೂರನೆಯದು, ಮೂಲ ಬದಲಾಗದೆ ನಿಯಮ ಬದಲಾಗುವುದು. ಕಂಪೈಲರಿನ ಆವೃತ್ತಿಯೋ ಅದಕ್ಕೆ ಕೊಟ್ಟ ಸೂಚನೆಯೋ ಬೇರೆಯಾಗಿದೆ. ಫೈಲಿನ ಒಂದು ಅಕ್ಷರವೂ ಬೇರೆಯಾಗಿಲ್ಲ. ಬರಹವನ್ನು ಮಾತ್ರ ಕಾಯುವ ಕಾವಲುಗಾರನಿಗೆ ಇದು ಕಾಣದು. ನಾಲ್ಕನೆಯದು, ನೋಟವನ್ನು ತುಂಡರಿಸುವುದು. ಒಂದೊಂದು ವಿಭಾಗವೂ ತನ್ನ ಪಟ್ಟಿಯನ್ನು ತಾನೇ ಇಟ್ಟುಕೊಂಡು, ಪಕ್ಕದ ವಿಭಾಗದಲ್ಲಿ ಏನಿದೆಯೆಂದು ನೋಡದೆ ಕಟ್ಟುವ ಪದ್ಧತಿ ಬಹಳ ಕಾಲ ರೂಢಿಯಲ್ಲಿತ್ತು. ಆಸ್ಟ್ರೇಲಿಯಾದ ಪೀಟರ್ ಮಿಲ್ಲರ್ ಎಂಬುವರು 1998ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಇದರ ಕೇಡನ್ನು ವಿವರಿಸಿದರು. ಯಾರ ಕೈಯಲ್ಲೂ ಪೂರ್ಣ ಚಿತ್ರವಿಲ್ಲದಿದ್ದಾಗ ಕೆಲಸ ಒಂದೋ ಬೇಕಾದುದಕ್ಕಿಂತ ಕಡಿಮೆಯಾಗುತ್ತದೆ, ಇಲ್ಲವೆ ಅಂಜಿಕೆಯಿಂದ ಬೇಕಾದುದಕ್ಕಿಂತ ಹೆಚ್ಚಾಗುತ್ತದೆ ಎಂಬುದು ಅವರ ವಾದದ ತಿರುಳು.

ಈಗ ನೀತಿಯ ಪ್ರಶ್ನೆಗೆ ಬರೋಣ. ಇಂಥ ದೋಷ ಕಂಡೊಡನೆ ಬಹುಮಂದಿ ಮಾಡುವ ಕೆಲಸವೆಂದರೆ ಕಟ್ಟಿದ್ದೆಲ್ಲವನ್ನೂ ಅಳಿಸಿಹಾಕಿ ಮೊದಲಿನಿಂದ ಕಟ್ಟುವುದು. ದೋಷ ಮಾಯವಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಇದರಲ್ಲಿ ತಪ್ಪೇನು ಎಂದು ಕೇಳಬಹುದು. ತಪ್ಪು ಇಷ್ಟು: ದೋಷದ ಜೊತೆಗೆ ಅದರ ಸಾಕ್ಷ್ಯವೂ ಅಳಿಸಿಹೋಯಿತು. ಯಾವ ತುಣುಕು ಯಾವ ಕಾರಣದಿಂದ ಹಳೆಯದಾಗಿ ಉಳಿದಿತ್ತೆಂಬುದು ತಿಳಿಯಲಿಲ್ಲ. ಪಟ್ಟಿಯಲ್ಲಿನ ಕೊರತೆ ಹಾಗೆಯೇ ಇದೆ. ನಾಳೆ ಅದು ಇನ್ನೊಬ್ಬನ ಯಂತ್ರದಲ್ಲಿ, ಅಳಿಸಿ ಕಟ್ಟಲು ಸಮಯವಿಲ್ಲದ ಹೊತ್ತಿನಲ್ಲಿ ಎದ್ದುಬರುತ್ತದೆ. ಬ್ಯಾಂಕಿನ ಅಥವಾ ಆಸ್ಪತ್ರೆಯ ಯಂತ್ರಕ್ಕೆ ಹೋಗುವ ಪ್ರೋಗ್ರಾಮಿನಲ್ಲಿ ‘ಈ ದೋಷವನ್ನು ತಿದ್ದಲಾಗಿದೆ’ ಎಂದು ದಾಖಲೆ ಹೇಳುತ್ತಿರುವಾಗ ಒಳಗೆ ಹಳೆಯ ತುಣುಕೇ ಉಳಿದಿದ್ದರೆ, ಆ ದಾಖಲೆ ಸುಳ್ಳು ಹೇಳಿದಂತಾಯಿತು. ಸುಳ್ಳು ಹೇಳಬೇಕೆಂದು ಯಾರೂ ಬಯಸಿರಲಿಲ್ಲ. ಬಯಸದೆ ಹುಟ್ಟುವ ಸುಳ್ಳಿಗೂ ಹೊಣೆಗಾರರು ಇರುತ್ತಾರೆಂಬುದೇ ಇಲ್ಲಿನ ನೀತಿ.

ನಮ್ಮ ದರ್ಶನಶಾಸ್ತ್ರಗಳಲ್ಲಿ ಈ ಪ್ರಶ್ನೆಯನ್ನು ಬಹಳ ಆಳವಾಗಿ ಚರ್ಚಿಸಿದ್ದಾರೆ. ನಮಗೆ ಉಂಟಾದ ಒಂದು ಜ್ಞಾನ ಸರಿಯೆಂದು ತಿಳಿಯುವುದು ಹೇಗೆ? ಕುಮಾರಿಲ ಭಟ್ಟನೇ ಮೊದಲಾದ ಮೀಮಾಂಸಕರ ಉತ್ತರ ‘ಸ್ವತಃ ಪ್ರಾಮಾಣ್ಯ’. ಜ್ಞಾನವು ತಾನಾಗಿಯೇ ಪ್ರಮಾಣ. ಅದು ತಪ್ಪೆಂದು ತೋರಿಸಲು ಹೊರಗಿನ ಕಾರಣ ಬೇಕು. ಅಂಥ ಕಾರಣಗಳು ಎರಡು ಬಗೆ: ಮುಂದೆ ಬರುವ ಜ್ಞಾನವು ಅದನ್ನು ಬಾಧಿಸುವುದು ಒಂದು, ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲೇ ದೋಷವಿತ್ತೆಂದು ತಿಳಿಯುವುದು ಇನ್ನೊಂದು. ನೈಯಾಯಿಕರು ಇದಕ್ಕೆ ಒಪ್ಪಲಿಲ್ಲ. ಅವರದು ‘ಪರತಃ ಪ್ರಾಮಾಣ್ಯ’: ಜ್ಞಾನದ ಸರಿತನವೂ ಹೊರಗಿನಿಂದಲೇ, ಅದನ್ನು ನೆಚ್ಚಿ ನಡೆದಾಗ ಕೆಲಸ ಕೈಗೂಡುವುದರಿಂದಲೇ ಸಿದ್ಧವಾಗಬೇಕು. ಮೀಮಾಂಸಕರ ಮರುವಾದ ಪ್ರಸಿದ್ಧವಾದದ್ದು. ಒಂದನ್ನು ಪರೀಕ್ಷಿಸಲು ಇನ್ನೊಂದು, ಅದನ್ನು ಪರೀಕ್ಷಿಸಲು ಮತ್ತೊಂದು ಎಂದು ಹೊರಟರೆ ಕೊನೆಯೆಲ್ಲಿ? ಅದು ಅನವಸ್ಥೆ.

ಬೇಕಾದಷ್ಟೇ ಮರುರಚನೆಯು ಮೀಮಾಂಸಕರ ದಾರಿ: ಬಾಧಕ ಕಾಣುವವರೆಗೆ ಹಳೆಯದನ್ನು ಸರಿಯೆಂದೇ ಹಿಡಿಯುತ್ತದೆ. ಎಲ್ಲವನ್ನೂ ಅಳಿಸಿ ಕಟ್ಟುವವನದು ಮೇಲ್ನೋಟಕ್ಕೆ ನೈಯಾಯಿಕರ ದಾರಿ: ಈ ಹೊತ್ತು ಸಿದ್ಧಪಡಿಸಿ ತೋರಿಸದೆ ಯಾವುದನ್ನೂ ಒಪ್ಪನು. ಆದರೆ ಮೀಮಾಂಸಕರ ದಾರಿಗೆ ಒಂದು ಕಟ್ಟುಪಾಡಿದೆ ಎಂಬುದನ್ನು ಮರೆಯಬಾರದು. ಬಾಧಕ ಬಂದಾಗ ಅದು ಕಣ್ಣಿಗೆ ಬೀಳುವಂತಿರಬೇಕು. ಕಾರಣದಲ್ಲಿ ದೋಷವಿದೆಯೆಂದು ತಿಳಿಯಬೇಕಾದರೆ ಕಾರಣ ಯಾವುದೆಂಬುದೇ ಮೊದಲು ತಿಳಿದಿರಬೇಕು. ಕಾರಣವನ್ನು ಮರೆಮಾಡಿದ ಜ್ಞಾನಕ್ಕೆ ‘ತಪ್ಪು ತೋರುವವರೆಗೆ ಸರಿ’ ಎಂಬ ರಿಯಾಯಿತಿ ಸಲ್ಲದು.

ನ್ಯಾಯಶಾಸ್ತ್ರದಲ್ಲಿ ಇನ್ನೊಂದು ಮಾತು ಈ ಕಸುಬಿಗೆ ಅಚ್ಚರಿಯೆನಿಸುವಷ್ಟು ಒಪ್ಪುತ್ತದೆ. ಅದು ‘ಉಪಾಧಿ’. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಸರಿಯಾದ ಅನುಮಾನ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂದರೆ ತಪ್ಪು. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಬಂಧ ಬೇಕು. ಹೇಳದೆ ಉಳಿದ ಈ ಹಸಿ ಸೌದೆಯೇ ಉಪಾಧಿ. ಬಿಲ್ಡಿನಲ್ಲಿ ಪಟ್ಟಿಗೆ ಬಾರದ ಹೆಡರ್ ಫೈಲು, ಒಬ್ಬನ ಯಂತ್ರದಲ್ಲಿ ಮಾತ್ರ ಇರುವ ಲೈಬ್ರರಿ, ಯಾರೋ ಎಂದೋ ಇಟ್ಟುಹೋದ ಒಂದು ಸೆಟ್ಟಿಂಗು, ಇವೆಲ್ಲ ಹಸಿ ಸೌದೆಗಳೇ. ‘ನನ್ನ ಯಂತ್ರದಲ್ಲಿ ಸರಿಯಾಗಿ ಬರುತ್ತದೆ’ ಎಂದು ಹೇಳುವ ತರುಣನು ಸುಳ್ಳುಗಾರನಲ್ಲ. ತನ್ನ ಒಲೆಯಲ್ಲಿರುವ ಸೌದೆ ಹಸಿಯೆಂಬುದು ಅವನಿಗೆ ತಿಳಿದಿಲ್ಲ, ಅಷ್ಟೆ.

ಅದನ್ನು ಹುಡುಕುವ ಕ್ರಮವೂ ಶಾಸ್ತ್ರದ ಅನ್ವಯ-ವ್ಯತಿರೇಕವೇ: ಇದು ಇದ್ದಾಗ ಅದು ಇದೆ, ಇದು ಇಲ್ಲದಾಗ ಅದು ಇಲ್ಲ. ಬಲ್ಲವನು ಕೆಟ್ಟ ಬಿಲ್ಡನ್ನು ಅಳಿಸುವುದಿಲ್ಲ, ಹಾಗೆಯೇ ಕಾದಿಡುತ್ತಾನೆ. ಅದೇ ಮೂಲದಿಂದ ಬೇರೊಂದು ಜಾಗದಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟುತ್ತಾನೆ. ಎರಡನ್ನೂ ತುಣುಕಿಗೆ ತುಣುಕು ಹೋಲಿಸಿ, ಕಟ್ಟುವ ಕ್ರಮದಲ್ಲಿ ಮೊಟ್ಟಮೊದಲು ಭೇದ ಕಾಣುವ ತುಣುಕನ್ನು ಹಿಡಿಯುತ್ತಾನೆ. ಆ ತುಣುಕು ಯಾವುದರ ಮೇಲೆ ನಿಂತಿದೆಯೆಂದು ಪಟ್ಟಿ ಹೇಳುತ್ತದೆ, ಕಟ್ಟುವಾಗ ಅದು ನಿಜವಾಗಿ ಯಾವ ಯಾವ ಫೈಲುಗಳನ್ನು ತೆರೆದು ಓದಿತು, ಈ ಎರಡನ್ನೂ ಎದುರುಬದುರು ಇಡುತ್ತಾನೆ. ಓದಿದ್ದರಲ್ಲಿ ಉಂಟು, ಹೇಳಿದ್ದರಲ್ಲಿ ಇಲ್ಲ ಎನ್ನುವುದೇ ಅಪರಾಧಿ. ಬಳಿಕ ಅದನ್ನು ಪಟ್ಟಿಗೆ ಸೇರಿಸಿ, ಅದೊಂದನ್ನೇ ಬದಲಿಸಿ, ಬೇಕಾದವು ಮಾತ್ರ ಮತ್ತೆ ಕಟ್ಟಲ್ಪಡುವುವೇ ಎಂದು ನೋಡುತ್ತಾನೆ. ಏನನ್ನೂ ಬದಲಿಸದೆ ಇನ್ನೊಮ್ಮೆ ಕಟ್ಟಲು ಹೇಳಿ, ಯಂತ್ರವು ಏನೂ ಮಾಡದೆ ಸುಮ್ಮನಿರುವುದೇ ಎಂದೂ ಪರೀಕ್ಷಿಸುತ್ತಾನೆ. ಇದಕ್ಕೆಲ್ಲ ತಾಳ್ಮೆ ಬೇಕು. ಅಳಿಸಿ ಕಟ್ಟಿದವನು ಸಂಜೆ ಐದಕ್ಕೆ ಮನೆಗೆ ಹೋಗುತ್ತಾನೆ. ಕಾರಣ ಹುಡುಕಿದವನು ಎಂಟಕ್ಕೆ ಹೋಗುತ್ತಾನೆ. ಆದರೆ ಅವನ ಮೂರು ಗಂಟೆಗಳಿಂದ ಅವನ ಹೆಸರೇ ಅರಿಯದ ಹಲವರ ಹಲವು ಗಂಟೆಗಳು ಉಳಿಯುತ್ತವೆ. ಇದನ್ನು ನಾವು ಪರೋಪಕಾರವೆಂದೇ ಕರೆಯುತ್ತೇವೆ.

ಇತ್ತೀಚಿನ ಸಾಧನಗಳು ಈ ದಾರಿಯಲ್ಲೇ ಮುಂದೆ ಹೋಗಿವೆ. ಗೂಗಲ್ ಸಂಸ್ಥೆಯು ತನ್ನೊಳಗೆ ಬಳಸುತ್ತಿದ್ದ ಸಾಧನವನ್ನು 2015ರಲ್ಲಿ ‘ಬೇಜಲ್’ ಎಂಬ ಹೆಸರಿನಿಂದ ಲೋಕಕ್ಕೆ ಬಿಟ್ಟುಕೊಟ್ಟಿತು. ಅದು ತಾರೀಖನ್ನು ಮಾತ್ರ ನೆಚ್ಚದೆ ಫೈಲಿನ ಒಳಗಿನ ಬರಹದಿಂದ ಲೆಕ್ಕಹಾಕಿದ ಒಂದು ಗುರುತನ್ನು ನೋಡುತ್ತದೆ. ಒಂದು ಕೆಲಸವನ್ನು ಮುಚ್ಚಿದ ಕೋಣೆಯಂಥ ಜಾಗದಲ್ಲಿ ನಡೆಸಿ, ಪಟ್ಟಿಯಲ್ಲಿ ಹೇಳಿದ ಫೈಲುಗಳನ್ನು ಮಾತ್ರ ಒಳಗೆ ಬಿಡಲೂ ಅದಕ್ಕೆ ಬರುತ್ತದೆ. ಹೇಳದೆ ಬಳಸಹೋದರೆ ಕೆಲಸವೇ ನಿಲ್ಲುತ್ತದೆ. ಯಾವುದರ ಹಂಗಿನಲ್ಲಿ ಇದ್ದೀಯೆಂದು ಹೇಳು, ಆಗ ಮಾತ್ರ ಅದನ್ನು ಬಳಸು ಎಂಬ ಕಟ್ಟಳೆ ಇದು.

ನಮ್ಮ ಹಿರಿಯರಿಗೆ ಇದಕ್ಕೆ ಒಂದು ಹೆಸರು ಗೊತ್ತಿತ್ತು: ಋಣ. ದೇವಋಣ, ಋಷಿಋಣ, ಪಿತೃಋಣ ಎಂದು ಎಣಿಸುವಾಗ ಅವರು ಸಾಲ ತೀರಿಸುವ ಮಾತನ್ನು ಆಡಿದ್ದಷ್ಟೇ ಅಲ್ಲ, ಸಾಲವಿದೆಯೆಂದು ಒಪ್ಪಿಕೊಳ್ಳುವ ಮಾತನ್ನೂ ಆಡಿದರು. ಹೇಳದೆ ಉಳಿದ ಅವಲಂಬನೆಯು ಒಪ್ಪಿಕೊಳ್ಳದೆ ಉಳಿದ ಋಣ. ಅದು ಕೃತಘ್ನತೆ ಮಾತ್ರವಲ್ಲ, ಅಪಾಯವೂ ಹೌದು; ಏಕೆಂದರೆ ಋಣ ಕೊಟ್ಟವನ ಸ್ಥಿತಿ ಬದಲಾದಾಗ ನಮ್ಮ ಸ್ಥಿತಿಯೂ ಬದಲಾಯಿತೆಂಬುದು ನಮಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಇದು ಯಂತ್ರದವರ ಮಾತಾಯಿತು; ಹೊಲಮನೆಯವರಿಗೆ ಏನು ಎಂದು ಕೇಳುವವರಿಗಾಗಿ ನಮ್ಮ ತಾಲೂಕಿನತ್ತಲೇ ತಿರುಗೋಣ. ಚಂದಗಡ ತಾಲೂಕು 1956ರ ಅಕ್ಟೋಬರ್ ಕೊನೆಯವರೆಗೆ ಬೆಳಗಾವಿ ಜಿಲ್ಲೆಯದಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಹೋಯಿತು. ಚಂದಗಡ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಹಾಪುರ ಜಿಲ್ಲೆಗೆ ಸೇರಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1835ರ ಸುಮಾರಿಗೆ ಇಂದಾಪುರದಲ್ಲಿ ಮೊದಲಿಟ್ಟ ಮುಂಬಯಿ ಭೂಮಾಪನ ಪದ್ಧತಿಯೇ ಗಡಿಯ ಎರಡೂ ಬದಿಯ ಹೊಲಗಳ ದಾಖಲೆಗೆ ಮೂಲ. ಆ ಬದಿಗೆ 1964ರ ಕಾಯಿದೆ, ಈ ಬದಿಗೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆ. ಅಲ್ಲಿ ಪಹಣಿ, ಇಲ್ಲಿ ಸಾತಬಾರಾ ಉತಾರ. ಒಂದೇ ಬೇರಿನ ಎರಡು ಕೊಂಬೆಗಳು.

ಸಾತಬಾರಾ ಎಂದರೆ ಏಳನೆಯ ಮತ್ತು ಹನ್ನೆರಡನೆಯ ಗ್ರಾಮ ನಮೂನೆಗಳು. ಏಳರಲ್ಲಿ ಹಕ್ಕು, ಹನ್ನೆರಡರಲ್ಲಿ ಬೆಳೆ. ಹೊಲ ಕೈಬದಲಾದಾಗ ಇಡೀ ಊರಿನ ಉತಾರಗಳನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಆರನೆಯ ನಮೂನೆಯಲ್ಲಿ ಒಂದು ಫೇರಫಾರ ದಾಖಲಾಗುತ್ತದೆ. ಅಧಿಕಾರಿ ಅದನ್ನು ಪ್ರಮಾಣೀಕರಿಸಿದ ಮೇಲೆ ಆ ಒಂದು ಹೊಲದ ಉತಾರ ಬದಲಾಗುತ್ತದೆ. ಇದು ಬೇಕಾದಷ್ಟೇ ಮರುರಚನೆಯಲ್ಲದೆ ಮತ್ತೇನು? ಉತಾರದ ಮೇಲೆ ಫೇರಫಾರದ ಅಂಕಿ ಇರುತ್ತದೆ. ಅದು ‘ನಾನು ನಿಂತಿರುವುದು ಇದರ ಮೇಲೆ’ ಎಂಬ ಒಪ್ಪಿಗೆ. ಸಂಹಿತೆಯ 157ನೆಯ ಕಲಮು, ಹಕ್ಕುದಾಖಲೆಯ ನಮೂದು ತಪ್ಪೆಂದು ಸಿದ್ಧವಾಗುವವರೆಗೆ ಅಥವಾ ಅದರ ಸ್ಥಾನದಲ್ಲಿ ಕಾಯಿದೆಪ್ರಕಾರ ಹೊಸ ನಮೂದು ಬರುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕೆಂದು ಹೇಳುತ್ತದೆ. ಕುಮಾರಿಲ ಭಟ್ಟನ ಸ್ವತಃ ಪ್ರಾಮಾಣ್ಯ ತಲಾಠಿಯ ದಫ್ತರಕ್ಕೆ ಬಂದು ಕುಳಿತಂತಾಗಿದೆ.

ಮೇಲೆ ಹೇಳಿದ ದೋಷಗಳೂ ಇಲ್ಲಿ ಹಾಗೆಯೇ ಕಾಣುತ್ತವೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ಉತಾರ ಒಂದು ಕಚೇರಿಯದು, ನಕಾಶೆಯೂ ಮೋಜಣಿಯೂ ಇನ್ನೊಂದು ಕಚೇರಿಯದು. ಉತಾರ ಮೂರಾಗಿ ನಕಾಶೆ ಒಂದೇ ಆಗಿ ಉಳಿದರೆ, ಎರಡೂ ಕಾಗದಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಬದುವಿನ ಮೇಲೆ ಮಾತ್ರ ಜಗಳ. ಪೀಟರ್ ಮಿಲ್ಲರ್ ಹೇಳಿದ ತುಂಡರಿಸಿದ ನೋಟ ಇದೇ. ಇನ್ನು, ಹಕ್ಕು ಪಡೆದವನು ಮೂರು ತಿಂಗಳೊಳಗೆ ತಲಾಠಿಗೆ ತಿಳಿಸಬೇಕೆಂದು ಸಂಹಿತೆ ಹೇಳುತ್ತದೆ. ತಂದೆ ತೀರಿಕೊಂಡು ವಾರಸಾ ಹಚ್ಚದೆ ಎರಡು ತಲೆಮಾರು ಕಳೆದ ಮನೆಯಲ್ಲಿ ಉತಾರದ ಮೇಲೆ ಅಜ್ಜನೇ ಇನ್ನೂ ಉಳುತ್ತಿರುತ್ತಾನೆ.

ಎಲ್ಲಕ್ಕಿಂತ ಕಠಿಣವಾದುದು ಮೂರನೆಯ ದೋಷ, ಮೂಲ ಬದಲಾಗದೆ ನಿಯಮ ಬದಲಾಗುವುದು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿತು. ಹೊಲ ಅದೇ, ಮನೆ ಅದೇ, ಮಕ್ಕಳು ಅವರೇ. ಒಂದು ಅಕ್ಷರವೂ ಬದಲಾಗದ ಉತಾರವು ಆ ದಿನದಿಂದ ಹಳೆಯ ನಿಯಮದ ತುಣುಕಾಯಿತು. ಆಗ ಕೇಳಬೇಕಾದ ಪ್ರಶ್ನೆ: ಎಷ್ಟು ಹಿಂದಕ್ಕೆ ಹೋಗಿ ಮತ್ತೆ ಕಟ್ಟಬೇಕು? ಕಾಯಿದೆ ಈ ಪ್ರಶ್ನೆಯನ್ನು ನುಂಗಲಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ನಡೆದ ವಿಭಜನೆ, ವಿಲೇವಾರಿಗಳನ್ನು ಮತ್ತೆ ತೆರೆಯಬಾರದೆಂದು ಗೆರೆ ಎಳೆಯಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆ ಎಂಬ ಗೊಂದಲವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ತೀರ್ಪಿನಲ್ಲಿ, ಬದುಕಿರಬೇಕಾಗಿಲ್ಲ ಎಂದು ಬಗೆಹರಿಸಿತು. ಎಲ್ಲವನ್ನೂ ಕೆಡವಿದರೆ ನೆಮ್ಮದಿಯಿಂದ ಬಾಳುತ್ತಿರುವ ನೂರು ಮನೆ ಒಡೆಯುತ್ತದೆ; ಏನನ್ನೂ ಮುಟ್ಟದಿದ್ದರೆ ಮಗಳಿಗೆ ಅನ್ಯಾಯ. ಗೆರೆ ಎಲ್ಲಿ ಬೀಳಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಗೆರೆಯನ್ನು ಬಹಿರಂಗವಾಗಿ, ಕಾರಣ ಹೇಳಿ ಎಳೆಯಬೇಕು ಎಂಬುದರಲ್ಲಿ ಇರಲಾರದು. ಕಾಯಿದೆ ಬಂದರೂ ‘ನಮ್ಮಲ್ಲಿ ಹಿಂದಿನಿಂದ ಹೀಗೆಯೇ ನಡೆದಿದೆ’ ಎಂದು ಉತಾರವನ್ನು ಮುಟ್ಟದೆ ಇಡುವ ಮನೆಯವರು ಸಂಪ್ರದಾಯವನ್ನು ಪಾಲಿಸುತ್ತಿಲ್ಲ. ನಿಯಮ ಬದಲಾದುದನ್ನು ಕಂಡೂ ಕಾಣದಂತೆ ಹಳೆಯ ತುಣುಕನ್ನೇ ಬಳಸುತ್ತಿದ್ದಾರೆ. ಅದರ ಬೆಲೆ ತೆರುವವಳು ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು.

ನಮ್ಮ ಈ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು. ಇಷ್ಟೆಲ್ಲ ಗೋಜಲೇಕೆ, ಕಾಲಕಾಲಕ್ಕೆ ಎಲ್ಲವನ್ನೂ ಮೊದಲಿನಿಂದ ಕಟ್ಟಿದರಾಯಿತು ಎಂಬುದು ಒಂದು. ಹಾಗೆ ಆಗಾಗ ಕಟ್ಟಿ ಹೋಲಿಸುವುದು ಒಳ್ಳೆಯ ಪರೀಕ್ಷೆಯೇ. ಆದರೆ ‘ಮೊದಲಿನಿಂದ’ ಎಂಬುದು ನಾವು ತಿಳಿದಷ್ಟು ಮೊದಲಲ್ಲ. ಕೆನ್ ಥಾಂಪ್ಸನ್ ಎಂಬ ಹಿರಿಯ ತಜ್ಞರು ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ, 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಇದನ್ನು ತೋರಿಸಿದರು. ಕಂಪೈಲರಿಗೇ ಒಂದು ಕಳ್ಳತನವನ್ನು ಕಲಿಸಿದರೆ, ಅದು ತಾನು ಕಟ್ಟುವ ಮುಂದಿನ ಕಂಪೈಲರಿಗೂ ಅದನ್ನು ಗುಟ್ಟಾಗಿ ದಾಟಿಸುತ್ತದೆ. ಮೂಲ ಬರಹದಲ್ಲಿ ಎಷ್ಟು ಹುಡುಕಿದರೂ ಕಳ್ಳತನ ಕಾಣದು. ಎಲ್ಲವನ್ನೂ ಅಳಿಸಿ ಕಟ್ಟುವವನ ಕೈಯಲ್ಲಿರುವ ಉಪಕರಣವೇ ಹಿಂದಿನವರದು. ಹೊಲವನ್ನು ಹೊಸದಾಗಿ ಅಳೆಯುವವನೂ ಹಳೆಯ ಬಾಂದುಗಲ್ಲಿನಿಂದಲೇ ಅಳತೆ ಹಿಡಿಯುತ್ತಾನೆ. ಆದ್ದರಿಂದ ಪೂರ್ಣ ಸಂಶಯವು ಪೂರ್ಣ ನಂಬಿಕೆಯಷ್ಟೇ ಅಸಾಧ್ಯ. ಸಾಧ್ಯವಿರುವುದು ಸಾಕ್ಷಿಗಳನ್ನು ಹೆಚ್ಚಿಸುವುದು. ಡೆಬಿಯನ್ ಯೋಜನೆಯವರು 2013ರಿಂದ ಇದೇ ಹಾದಿ ಹಿಡಿದಿದ್ದಾರೆ: ಒಂದೇ ಮೂಲದಿಂದ ಬೇರೆ ಬೇರೆ ಜನ, ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದರೂ ಕೊನೆಯ ಫಲ ಅಕ್ಷರಶಃ ಒಂದೇ ಆಗಬೇಕೆಂಬ ಗುರಿಯದು. ಇಬ್ಬರು ಪರಸ್ಪರ ಕೇಳದೆ ಹೇಳಿದ ಸಾಕ್ಷ್ಯ ಒಂದಾದರೆ ನ್ಯಾಯಾಧೀಶರು ಹೆಚ್ಚು ಬೆಲೆ ಕೊಡುವಂತೆಯೇ ಇದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ರತಿಯೊಂದು ಅವಲಂಬನೆಯನ್ನೂ ಬರೆಯುತ್ತ ಕುಳಿತರೆ ಬದುಕು ದಫ್ತರವಾಗುವುದಿಲ್ಲವೆ? ಮನೆಯೊಳಗೆ, ಗೆಳೆಯರೊಳಗೆ ಇಷ್ಟು ಲೆಕ್ಕ ಇಟ್ಟರೆ ನಂಬಿಕೆಯೇ ಸಾಯುವುದಿಲ್ಲವೆ? ಇದರಲ್ಲಿ ನಿಜವಿದೆ. ತಾಯಿ ಮಾಡಿದ ಅಡಿಗೆಗೆ ಯಾರೂ ಪಟ್ಟಿ ಕೇಳರು. ಆದರೆ ಅಲ್ಲಿ ತಪ್ಪಾದರೆ ಆ ಹೊತ್ತೇ ನಾಲಗೆಗೆ ತಿಳಿಯುತ್ತದೆ. ತಿದ್ದುವವರು ಅಲ್ಲಿಯೇ ಇರುತ್ತಾರೆ. ಮಾಡಿದವನೂ ಬಳಸುವವನೂ ಪರಸ್ಪರ ಕಾಣದಷ್ಟು ದೂರವಾದಾಗ, ನಡುವೆ ವರ್ಷಗಳು ಕಳೆದಾಗ, ತಪ್ಪಿನ ಫಲವನ್ನು ಉಣ್ಣುವವನು ಮೂರನೆಯವನಾದಾಗ, ಆಗ ಬರಹ ಬೇಕು. ಬರಹವು ಅಪನಂಬಿಕೆಯ ಗುರುತಲ್ಲ. ಹೆಸರು ತಿಳಿಯದ ಮುಂದಿನವನ ಮೇಲಿನ ಅಕ್ಕರೆಯ ಗುರುತು.

ಇಷ್ಟರಿಂದ ಮೊದಲು ಎತ್ತಿದ ಪ್ರಶ್ನೆಗಳಿಗೆ ಉತ್ತರ ಹೇಳಬಹುದೆಂದು ತೋರುತ್ತದೆ. ಹಳೆಯದು ಹಳೆಯದೆಂಬ ಕಾರಣಕ್ಕೆ ನಂಬತಕ್ಕದ್ದೂ ಅಲ್ಲ, ಕೆಡವತಕ್ಕದ್ದೂ ಅಲ್ಲ. ತಾನು ಯಾವುದರ ಮೇಲೆ ನಿಂತಿದ್ದೇನೆಂದು ಅದು ಹೇಳಬಲ್ಲುದಾದರೆ, ಆ ಆಧಾರ ಕದಲದಿರುವವರೆಗೆ ಅದನ್ನು ನಂಬುವುದು ವಿವೇಕ. ಹೇಳಲಾರದ್ದನ್ನು ಒಮ್ಮೆಯಾದರೂ ಮತ್ತೆ ಕಟ್ಟಿ ನೋಡುವುದು ಕರ್ತವ್ಯ. ಹೊಣೆ ಇಬ್ಬರದು: ಮಾಡುವವನು ತನ್ನ ಆಧಾರಗಳನ್ನು ಬರೆದಿಡಬೇಕು; ಪಡೆಯುವವನು ಬಳಸುವ ಮೊದಲು ಅವನ್ನು ಕೇಳಬೇಕು. ದೋಷ ಕಂಡಾಗ ಅದನ್ನು ಅಳಿಸುವ ಆತುರಕ್ಕಿಂತ ಅರಿಯುವ ತಾಳ್ಮೆ ದೊಡ್ಡದು.

ನಮ್ಮ ಮಕ್ಕಳು ದೂರದ ಊರುಗಳಲ್ಲಿ ಕುಳಿತು ಮಾಡುತ್ತಿರುವ ಈ ಕೆಲಸ ಬರಿಯ ಸಂಬಳದ ಕೆಲಸವಲ್ಲ, ಸತ್ಯವನ್ನು ಕಾಯುವ ಕೆಲಸಗಳಲ್ಲಿ ಒಂದು ಎಂಬುದನ್ನು ಮನೆಯ ಹಿರಿಯರು ಅರಿಯಬೇಕು. ಹಾಗೆಯೇ ಮನೆಯ ಪೆಟ್ಟಿಗೆಯಲ್ಲಿರುವ ಉತಾರವನ್ನು ತೆಗೆದು, ಅದರ ಮೇಲಿನ ಹೆಸರುಗಳು ಇಂದಿನ ಮನುಷ್ಯರಿಗೂ ಇಂದಿನ ನ್ಯಾಯಕ್ಕೂ ಹೊಂದುತ್ತವೆಯೇ ಎಂದು ನೋಡುವ ಕೆಲಸ ಹಿರಿಯರದು. ಅದನ್ನು ಮಕ್ಕಳು ಕೇಳಬೇಕು. ಅಕ್ಕತಂಗಿಯರ ಹೆಸರು ಅದರಲ್ಲಿ ಬರಬೇಕಾಗಿದ್ದು ಇನ್ನೂ ಬಾರದಿದ್ದರೆ, ಫೇರಫಾರದ ಅರ್ಜಿಗೆ ಒಳ್ಳೆಯ ಮುಹೂರ್ತವನ್ನು ಕಾಯಬೇಕಾಗಿಲ್ಲ.